ಗಾಜಿನ ಮೇಲಿನ ಕುಂಕುಮ

ಶಾಂತಸ್ವಭಾವದವರಂತೆ! ಸಾಹೇಬರು ಮೈಕಿನ ಮುಂದೆ ನಿಂತು ಹಾಗೆ ಹೇಳಿದಾಗ ನನ್ನ ಮೈಯೆಲ್ಲ ಉರಿದುಹೋಯಿತು.

ಚಿಕ್ಕೋಡಿಯ ನಮ್ಮ ವಿದ್ಯುತ್ ಕಚೇರಿಯ ಮಹಡಿಯಲ್ಲಿ ಶ್ರದ್ಧಾಂಜಲಿ ಸಭೆ. ಮೇಜಿನ ಮೇಲೆ ತೀರಿಕೊಂಡವರ ಫೋಟೋ. ಅದಕ್ಕೆ ದಪ್ಪನೆಯ ಚೆಂಡುಹೂವಿನ ಹಾರ. ಯಾರೋ ಭಕ್ತಿ ಹೆಚ್ಚಾಗಿ ಗಾಜಿನ ತುಂಬ ವಿಭೂತಿ, ಗಂಧ ಮೆತ್ತಿದ್ದರು. ಅದರ ಹಿಂದೆ ಯಾರಿದ್ದಾರೆ ಎಂದು ಗೊತ್ತಾಗಲು ಹೆಸರು ಕೇಳಬೇಕಿತ್ತು. ನಮ್ಮೆಲ್ಲರಿಗೂ ಮೇಲಧಿಕಾರಿಯಾಗಿದ್ದ ಸಾಹೇಬರು ಈಗ ನಿವೃತ್ತರು, ಆದರೂ ಸಭೆಗೆ ಅವರೇ ಅಧ್ಯಕ್ಷರು. "ದಿವಂಗತರು ಯಾರ ಮನಸ್ಸನ್ನೂ ನೋಯಿಸಿದವರಲ್ಲ. ಎಲ್ಲರೊಂದಿಗೆ ಹೊಂದಿಕೊಂಡು ಹೋಗುತ್ತಿದ್ದರು" ಎಂದು ಗಂಟಲು ಸರಿಮಾಡಿಕೊಂಡರು. ನಾನು ಕುರ್ಚಿಯ ಕೈ ಹಿಡಿದುಕೊಂಡು ಕೂತೆ. ಹಿಡಿದುಕೊಳ್ಳದಿದ್ದರೆ ಎದ್ದು ಏನಾದರೂ ಅಂದುಬಿಡುತ್ತಿದ್ದೆ.

ಸತ್ತವರನ್ನು ಹೊಗಳುವುದು ನಮ್ಮಲ್ಲಿ ರೂಢಿ. ಹೊಗಳಲಿ, ಬೇಡವೆನ್ನುವುದಿಲ್ಲ. ಆದರೆ ಇದ್ದವರನ್ನು ಹೊಗಳಬೇಕು. ಇಲ್ಲದ ಇನ್ನೊಬ್ಬರನ್ನು ಹುಟ್ಟಿಸಿ, ಅವರಿಗೆ ಹಾರ ಹಾಕಿ, ನಿಜವಾಗಿ ಇದ್ದವರನ್ನು ಎರಡನೇ ಸಲ ಸಾಯಿಸಬಾರದು. ನಾನು ಕಂಡ ಆ ಹೆಂಗಸು ಯಾರೊಂದಿಗೂ ಹೊಂದಿಕೊಂಡು ಹೋದವರಲ್ಲ. ನೋಯಿಸಬೇಕಾದವರ ಮನಸ್ಸನ್ನು ಚೆನ್ನಾಗಿಯೇ ನೋಯಿಸಿದ್ದರು. ಅದರಲ್ಲಿ ಮೊದಲನೆಯವರು ಇದೇ ಸಾಹೇಬರು.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ಮೊದಲು ನನ್ನನ್ನೇ ಬೈಯುತ್ತಿದ್ದರು. ಲೈನ್‌ಮನ್‌ಗಳಿಂದ ಹಿಡಿದು ಪಂಪ್‌ಸೆಟ್ಟಿನ ರೈತರವರೆಗೆ ಎಲ್ಲರಿಗೂ ಅವರು 'ಬಾಯಾರು', ನಮ್ಮ ಕಡೆ ಅಮ್ಮಾವರಿಗೆ ಹಾಗೆನ್ನುತ್ತಾರೆ. ನಿಪ್ಪಾಣಿಯವರು. ತಂದೆ ತಂಬಾಕಿನ ಗೋದಾಮಿನಲ್ಲಿ ಕೆಲಸಕ್ಕಿದ್ದರು. ಇಂಜಿನಿಯರಿಂಗ್ ಓದಿ, ಮದುವೆಯಾಗಿ, ವರ್ಷ ತುಂಬುವುದರೊಳಗೆ ಗಂಡನನ್ನು ಕಳೆದುಕೊಂಡು, ಎಂಬತ್ತರ ದಶಕದ ಕೊನೆಗೆ ನಮ್ಮ ಕಡೆಯ ಒಂದು ವಿದ್ಯುತ್ ಉಪಕೇಂದ್ರಕ್ಕೆ ಸಹಾಯಕ ಇಂಜಿನಿಯರ್ ಆಗಿ ಬಂದರು. ನಾನು ಚಿಕ್ಕೋಡಿ ಕಚೇರಿಯಲ್ಲಿ ಗುಮಾಸ್ತೆ. ಒಂದೇ ಚಾಳಿನಲ್ಲಿ ಅಕ್ಕಪಕ್ಕದ ಖೋಲಿ. ನಾನು ಅಕ್ಕ ಎನ್ನುತ್ತಿದ್ದೆ, ಅವರು ನನ್ನನ್ನು ತಂಗಿ ಎನ್ನುತ್ತಿದ್ದರು. ಬೈಯುವಾಗ ಮಾತ್ರ ನಡುನಡುವೆ ಮರಾಠಿ ನುಸುಳುತ್ತಿತ್ತು.

ಸಿಟ್ಟು ಮೂಗಿನ ತುದಿಯಲ್ಲೇ. ಕುಳ್ಳಗೆ, ದಪ್ಪ ಅಟ್ಟೆಯ ಚಪ್ಪಲಿ, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆಯುವ ರೀತಿ ನೋಡಿದರೇ ಉಪಕೇಂದ್ರದಲ್ಲಿ ಬೀಡಿಗಳು ನೆಲಕ್ಕೆ ಬೀಳುತ್ತಿದ್ದವು. ಕೈಯಲ್ಲಿ ಯಾವಾಗಲೂ ಒಂದು ಅರಿವೆಯ ತುಂಡು. ಎಲ್ಲಿ ಗಾಜು ಕಂಡರೂ ಒರೆಸುವ ಚಟ. ಬಸ್ಸಿನ ಕಿಟಕಿ, ನನ್ನ ಗೋಡೆ ಗಡಿಯಾರ, ಹೋಟೆಲಿನ ಮಿಠಾಯಿ ಕಪಾಟು, ಕಡೆಗೆ ನನ್ನ ಮೂಗಿನ ಮೇಲಿದ್ದ ಕನ್ನಡಕ. "ಕಾಣಸ್ಬೇಕು ತಂಗಿ. ಕಾಣಸಲಿಲ್ಲಂದ್ರ ಒಳಗ ಇಲ್ಲಂತನ ತಿಳೀಬೇಕು" ಎನ್ನುತ್ತಿದ್ದರು. ಮೊದಮೊದಲು ನನಗಿದು ಬರೀ ಹುಚ್ಚು ಅನ್ನಿಸುತ್ತಿತ್ತು.

ಒಮ್ಮೆ ನನ್ನ ಕುಕ್ಕರಿನ ಉಗಿ ಹೋಗುವ ತೂತಿನಲ್ಲಿ ಅನ್ನದ ಅಗುಳು ಸಿಕ್ಕಿಕೊಂಡಿತ್ತು. ಪಕ್ಕದ ಖೋಲಿಯಿಂದ ಸಿಳ್ಳೆ ಕೇಳಲಿಲ್ಲವೆಂದೇ ಓಡಿ ಬಂದರು. ಒಲೆ ಆರಿಸಿ, ಕುಕ್ಕರ್ ತಣ್ಣಗಾದ ಮೇಲೆ ಸೂಜಿಯಿಂದ ತೂತು ಬಿಡಿಸುತ್ತ, "ಅಗ ಬಾಯಿ, ಉಗಿಗೆ ದಾರಿ ಕೊಡದ ಅನ್ನಾ ಮಾಡ್ತೀಯೇನ? ಮಾರಿ ಸುಟಗೊಂಡ್ರ ನಿನ್ನ ಗಂಡ ನನ್ನ ಕೇಳ್ತಾನ" ಎಂದು ಚಾಳಿಗೆಲ್ಲ ಕೇಳುವಂತೆ ಬೈದರು. ಅಂದು ಸಂಜೆ ಅದೇ ಕುಕ್ಕರಿನ ಅನ್ನವನ್ನು ನಮ್ಮಲ್ಲೇ ಕೂತು ಉಂಡರು.

ಅವರ ಕೆಲಸವೇನೆಂದು ನಾನು ತಿಳಿದದ್ದು ಒಂದು ಮಧ್ಯಾಹ್ನ. ಕಚೇರಿಯ ಕಾಗದ ಕೊಡಲು ಉಪಕೇಂದ್ರಕ್ಕೆ ಹೋಗಿದ್ದೆ. ಆಪರೇಟರುಗಳನ್ನು ಬೇವಿನ ನೆರಳಿಗೆ ಕೂರಿಸಿಕೊಂಡು ಪಾಠ ಮಾಡುತ್ತಿದ್ದರು. ಎದುರಿಗೆ ಬೂದು ಬಣ್ಣದ ಸಾಲು ಸಾಲು ತೊಟ್ಟಿಗಳು. ಅವೇ ಎಣ್ಣೆ ಬ್ರೇಕರುಗಳು. ಲೈನಿನಲ್ಲಿ ಎಲ್ಲಾದರೂ ತಂತಿ ಹರಿದು ಬಿದ್ದರೆ, ತಂತಿಗೆ ತಂತಿ ತಾಗಿದರೆ, ತಾವಾಗಿಯೇ ಕರೆಂಟು ಕಡಿಯಬೇಕಾದವು ಅವು.

"ಸ್ವಿಚ್ ತಗದ ಕೂಡ್ಲೆ ಕರೆಂಟ್ ನಿಲ್ಲತೈತಿ ಅಂತ ತಿಳದೀರಿ. ನಿಲ್ಲೂದಿಲ್ಲ. ಎರಡು ತಾಮ್ರದ ತುಂಡು ದೂರ ಸರದ್ರೂ ನಡುವ ಬೆಂಕಿ ಆಗಿ ಹರೀತೈತಿ. ಗಾಳೀನ ತಂತಿ ಮಾಡ್ಕೊಂತೈತಿ. ಅದಕ್ಕ ಆರ್ಕ್ ಅಂತಾರ" ಎಂದರು.

ಆಪರೇಟರುಗಳಲ್ಲಿ ಹಿರಿಯ ಭರಮಪ್ಪ. ಅಗಲ ಮುಖದ, ನಿಧಾನದ ಮನುಷ್ಯ. "ಮತ್ತ ಅದು ಆರೂದು ಹೆಂಗ್ರಿ ಬಾಯಾರ?" ಎಂದು ಕೇಳಿದ.

"ಕಬ್ಬು ತೂಗೂ ಕಾಟಾದ ಮುಂದ ಇಬ್ಬರು ಜಗಳಾ ಆಡೂದು ನೋಡಿಯಿಲ್ಲೋ? ಎಳದು ದೂರ ನಿಲ್ಲಿಸಿದ್ರೂ ಅಲ್ಲಿಂದನ ಬೈತಿರತಾರ. ಬೈಯಾವರೂ ನಡುವ ಒಮ್ಮೆ ಉಸರ ತಗೋಬೇಕಲ್ಲ? ಆಗ ಒಂದ ಗಳಿಗಿ ಸುಮ್ಮಾಗತಾರ. ಜಾಣ ಇದ್ದಾವ ಆ ಗಳಿಗ್ಯಾಗ ನಡುವ ಹೋಗಿ ನಿಲ್ಲತಾನ. ಈ ಕರೆಂಟೂ ಹಂಗ. ಸೆಕೆಂಡಿಗೆ ನೂರು ಸಲ ಸೊನ್ನಿಗೆ ಬರತೈತಿ. ಸೊನ್ನಿಗೆ ಬಂದಾಗ ಬೆಂಕಿ ತಾನಾ ಸಾಯತೈತಿ. ಸತ್ತದ್ದು ಮತ್ತ ಹುಟ್ಟದಂಗ ನೋಡ್ಕೊಳ್ಳೂದಷ್ಟ ಬ್ರೇಕರಿನ ಕೆಲಸ."

"ಎಣ್ಣೆ ಯಾಕೆ ಅಕ್ಕ? ಬೆಂಕಿಗೆ ಎಣ್ಣೆ ಹಾಕಿ ಆರಿಸ್ತಾರಾ ಯಾರಾದರೂ?" ಎಂದು ನಾನು ನಕ್ಕೆ. ಎಲ್ಲರೂ ನಕ್ಕರು.

ಅವರು ನಗಲಿಲ್ಲ. ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ಆಗಷ್ಟೇ ಬಂದಿದ್ದ, ಇನ್ನೂ ಪೂಜೆಯಾಗದ ಒಂದು ಹೊಸ ತೊಟ್ಟಿಯ ಮುಂದೆ ನಿಲ್ಲಿಸಿದರು. ಅದರ ಎದೆಯ ಮೇಲೆ ಒಂದು ದುಂಡನೆಯ ಗಾಜು. ಒಳಗೆ ಎಣ್ಣೆಯ ಮಟ್ಟ ಕಾಣುತ್ತಿತ್ತು. ಬೆಂಕಿ ಹುಟ್ಟುವುದು ಎಣ್ಣೆಯ ತಳದಲ್ಲಿ, ಅಲ್ಲಿ ಗಾಳಿಯೇ ಇಲ್ಲ, ಹಾಗಾಗಿ ಎಣ್ಣೆ ಉರಿಯುವುದಿಲ್ಲ, ಕುದಿಯುತ್ತದೆ ಎಂದರು. ಕುದ್ದ ಎಣ್ಣೆಯ ಅನಿಲ ಒತ್ತಡದಿಂದ ನುಗ್ಗಿ ಆರ್ಕನ್ನು ಅಡ್ಡ ಊದುತ್ತದೆ, ತಣ್ಣಗೆ ಮಾಡುತ್ತದೆ, ಸೊನ್ನೆಯ ಗಳಿಗೆಯಲ್ಲಿ ಕೊಲ್ಲುತ್ತದೆ. ಆಮೇಲೆ ಆ ಬಿಸಿ ಅನಿಲ ಮೇಲಿನ ಎಣ್ಣೆಯನ್ನು ಹಾದು ಬರುವಷ್ಟರಲ್ಲಿ ತಾನೂ ತಣ್ಣಗಾಗಿ, ಮೇಲಿನ ಕೊಳವೆಯಿಂದ ಹೊರಗೆ ಹೋಗುತ್ತದೆ.

"ಮ್ಯಾಲ ಎಣ್ಣಿ ಕಡಿಮಿ ಇತ್ತು ಅಂತ ತಿಳಿ. ಅನಿಲ ಬಿಸಿ ಬಿಸಿನ ಮ್ಯಾಲ ಬಂದು ಗಾಳಿಗೆ ಕೂಡತೈತಿ. ಆಗ ಇದು ಬ್ರೇಕರ್ ಅಲ್ಲ ತಂಗಿ, ಬಾಂಬು. ಅದಕ್ಕ ಈ ಗಾಜು ಇಟ್ಟಾರ. ನಗು ಈಗ."

ನಾನು ಮತ್ತೆ ನಗಲಿಲ್ಲ. ಆ ಗಾಜು ನನ್ನ ಅಂಗೈಯಷ್ಟೂ ಇರಲಿಲ್ಲ.

ಇನ್ನು ಖಂಡೇನವಮಿಯ ಮಾತು. ನಮ್ಮ ಕಡೆ ಎತ್ತಿನ ನೇಗಿಲಿನಿಂದ ಹಿಡಿದು ಬಸ್ಸಿನವರೆಗೆ ಅಂದು ಎಲ್ಲಕ್ಕೂ ಪೂಜೆ. ಉಪಕೇಂದ್ರಕ್ಕೆ ಇನ್ನೂ ಜೋರು. ತೊಟ್ಟಿಗಳಿಗೆ ಹೊಸ ಬಣ್ಣ, ಕಬ್ಬಿನ ಗಳ, ಬಾಳೆಕಂದು, ಚೆಂಡುಹೂವು. ಕಚೇರಿಯವರೆಲ್ಲ ಚುರಮುರಿ ಪ್ರಸಾದಕ್ಕೆ ಹೋಗುತ್ತಿದ್ದೆವು. ಇಷ್ಟರಲ್ಲಿ ತಪ್ಪೇನೂ ಇಲ್ಲ, ಬಾಯಾರು ಬಂದ ವರ್ಷ ಅವರೇ ಮುಂದೆ ನಿಂತು ಕಾಯಿ ಒಡೆಸಿದರು. ಆದರೆ ವಿಭೂತಿ ಕುಂಕುಮ ಎಲ್ಲಿ ಹಚ್ಚಬೇಕು? ಆ ಬೂದು ತೊಟ್ಟಿಯಲ್ಲಿ ಹಣೆಯಂತೆ ಕಾಣುವ ಜಾಗ ಒಂದೇ, ಆ ದುಂಡು ಗಾಜು. ಅಲ್ಲಿಗೇ ಮೂರು ಬೆರಳಿನ ವಿಭೂತಿ, ನಡುವೆ ರೂಪಾಯಿಯಗಲ ಕುಂಕುಮ. ಹಚ್ಚಿದ್ದನ್ನು ಅಳಿಸಬಾರದು. ಪ್ರತಿ ಅಮಾವಾಸ್ಯೆಗೆ ಅದರ ಮೇಲೆ ಮತ್ತೊಂದು ಪದರ. ವರ್ಷಗಟ್ಟಲೆ ಆ ಗಾಜುಗಳೊಳಗೆ ಯಾರೂ ಇಣುಕಿರಲಿಲ್ಲ.

ಅದರ ಜೊತೆಗೆ ಇನ್ನೊಂದು. ಈ ಎಣ್ಣೆ ತಿಕ್ಕಿದರೆ ಮೊಣಕಾಲು ಬೇನೆ ಹೋಗುತ್ತದೆ ಎಂಬುದು ಊರಿನವರ ನಂಬಿಕೆ. ಪೂಜೆಯಾದ ಎಣ್ಣೆ ಎಂದರೆ ಇನ್ನೂ ಗುಣ. ತೊಟ್ಟಿಯ ಕೆಳಗಿನ ನಲ್ಲಿಯಿಂದ ಸೀಸೆಗೆ ಬಿಟ್ಟುಕೊಂಡು ಹೋಗುತ್ತಿದ್ದರು. ಒಬ್ಬರಿಗೆ ಒಂದು ಸೀಸೆ, ಅಷ್ಟೇ. ಮಟ್ಟ ಇಳಿದದ್ದು ತಿಳಿಯಲು ಗಾಜು ಕಾಣಬೇಕಲ್ಲ? ಸಾಹೇಬರ ತಾಯಿ ಅಥಣಿಯಲ್ಲಿದ್ದರು, ಅವರಿಗೂ ಮೊಣಕಾಲು ಬೇನೆ. ಸಾಹೇಬರ ಜೀಪು ಸೀಸೆ ಒಯ್ಯಲು ಬರುತ್ತಿತ್ತು.

ಬಾಯಾರು ಬಂದ ಮೊದಲ ಖಂಡೇನವಮಿಯಲ್ಲಿ ನಾನೂ ಅಲ್ಲಿದ್ದೆ. ಗಾಜು ಒರೆಸಿರಿ ಎಂದು ಅವರು ಹೇಳಿದಾಗಲೆಲ್ಲ ಆಪರೇಟರುಗಳು ಹಬ್ಬ ಆಗಲಿ ಎನ್ನುತ್ತ ಬಂದಿದ್ದರು. ಮಂಗಳಾರತಿ ಮುಗಿಯುವವರೆಗೆ ಸುಮ್ಮನಿದ್ದರು. ಆಮೇಲೆ ಸೊಂಟದಿಂದ ಅರಿವೆ ತೆಗೆದು, ಮೊದಲನೆಯ ತೊಟ್ಟಿಯ ಗಾಜನ್ನು ಒರೆಸಿದರು. ಪೂಜೆಗೆ ಬಂದ ಊರಿನವರು, ಆಪರೇಟರುಗಳು, ಎಲ್ಲರೂ ಹಾಗೆಯೇ ನಿಂತುಬಿಟ್ಟರು.

ಭರಮಪ್ಪ ಮುಂದೆ ಬಂದ. "ಬಾಯಾರ, ಅಳಸಬ್ಯಾಡ್ರಿ. ಅದು ದೇವರ ಹಣಿ ಐತ್ರಿ."

"ಹಣಿ ಅಲ್ಲೋ, ಕಣ್ಣು. ದೇವರ ಕಣ್ಣಾಗ ಕುಂಕುಮ ತುಂಬತೀರೇನು? ಪಕ್ಕಕ್ಕ ಹಚ್ಚರಿ, ಮ್ಯಾಲ ಹಚ್ಚರಿ, ಊರ ತುಂಬ ಹಚ್ಚರಿ. ಗಾಜಿಗೆ ಬ್ಯಾಡ."

ಹಿಂದಿನಿಂದ ಒಂದು ದನಿ ಬಂತು. "ತನ್ನ ಕುಂಕುಮಾ ಅಳಿಸಿಕೊಂಡಾಕಿ, ಈಗ ನಮ್ದೂ ಅಳಸಾಕ ಬಂದಾಳ."

ಯಾರು ಅಂದದ್ದೋ ನನಗೆ ಇಂದಿಗೂ ಗೊತ್ತಿಲ್ಲ. ಗೊತ್ತಾಗಿದ್ದರೆ ಇಲ್ಲಿ ಹೆಸರು ಬರೆಯುತ್ತಿದ್ದೆ. ಬಾಯಾರ ಕೈ ಒಮ್ಮೆ ನಿಂತಿತು. ತಿರುಗಿ ನೋಡಲಿಲ್ಲ. ಆಮೇಲೆ ಉಳಿದ ತೊಟ್ಟಿಗಳ ಗಾಜುಗಳನ್ನೂ ಒಂದೊಂದಾಗಿ ಒರೆಸಿದರು. ಒಂದರಲ್ಲಿ ಎಣ್ಣೆ ಗಾಜಿನ ತಳಕ್ಕೆ ಬಂದಿತ್ತು. ಅದನ್ನು ಎಲ್ಲರಿಗೂ ತೋರಿಸಿ, ಅಂದೇ ಹೊಸ ಎಣ್ಣೆ ತುಂಬಿಸಿ, ನಲ್ಲಿಗಳಿಗೆಲ್ಲ ಕೀಲಿ ಹಾಕಿಸಿದರು. ಸೀಸೆ ಹಿಡಿದು ನಿಂತಿದ್ದ ಜೀಪಿನ ಚಾಲಕನಿಗೆ, "ಸಾಹೇಬರ ತಾಯಿಗೆ ಬ್ಯಾನಿ ಇದ್ರ ದವಾಖಾನಿಗೆ ಕರಕೊಂಡ ಹೋಗ್ರಿ ಅಂತ ಹೇಳು. ಇದು ಔಷಧ ಅಲ್ಲ" ಎಂದರು.

ದೂರು ಹೋಯಿತು. ಬಾಯಾರು ದೇವರ ಕುಂಕುಮ ಅಳಿಸಿದ್ದಾರೆ, ಊರಿಗೆ ಕೇಡು. ಭರಮಪ್ಪನೂ ಸಹಿ ಹಾಕಿದ್ದ. ಸಾಹೇಬರು ಅವರನ್ನು ಕರೆಸಿ, ಜನರ ಭಾವನೆಗಳಿಗೆ ಬೆಲೆ ಕೊಡಬೇಕು ಎಂದು ಬುದ್ಧಿ ಹೇಳಿ, ರಾಯಬಾಗದ ಉಗ್ರಾಣಕ್ಕೆ ವರ್ಗ ಮಾಡಿದರು. ಭಾವನೆಯಂತೆ! ಅವರಿಗೆ ನೋವಾಗಿದ್ದು ಸೀಸೆ ನಿಂತದ್ದಕ್ಕೆ. ಅದನ್ನು ಕುಂಕುಮದ ಹಿಂದೆ ಮುಚ್ಚಿಟ್ಟರು.

ಹೊರಡುವ ದಿನ ಸಂಜೆ ಅವರು ಸಾಮಾನು ಕಟ್ಟುತ್ತಿದ್ದರು. ನಾನು ಅಳುತ್ತ, ಆ ಮಾತು ಆಡಿದವನ ನಾಲಿಗೆ ಬಿದ್ದುಹೋಗಲಿ ಎಂದು ಶಾಪ ಹಾಕುತ್ತಿದ್ದೆ.

"ಬಿಡು ತಂಗಿ. ನನ್ನ ಕುಂಕುಮದ ಮಾತು ಹೊಸದೇನಲ್ಲ, ಅತ್ತಿ ಮನ್ಯಾಗನ ಕೇಳೇನಿ. ನಾ ಹೋದ ಮ್ಯಾಲ ಆ ಗಾಜಿಗೆ ಮತ್ತ ಹಚ್ಚತಾರಲ್ಲ, ನಂಗ ಅದರ ಸಿಟ್ಟು" ಎಂದು ಹಗ್ಗದ ಗಂಟನ್ನು ಹಲ್ಲು ಕಚ್ಚಿ ಬಿಗಿದರು.

ಹಚ್ಚಿದರು. ಕೀಲಿಗಳೂ ಹೋದವು. ಸೀಸೆಗಳು ಮತ್ತೆ ಬಂದವು.

ಒಂದು ಬೇಸಿಗೆ. ಹೊಳೆದಂಡೆಯ ಪಂಪ್‌ಸೆಟ್ಟುಗಳೆಲ್ಲ ಓಡುತ್ತಿದ್ದ ಮಧ್ಯಾಹ್ನ. ಎಲ್ಲೋ ತಂತಿ ಹರಿದು ಬಿತ್ತು. ಬ್ರೇಕರ್ ಬಿಚ್ಚಿಕೊಂಡು ಕರೆಂಟು ಕಡಿಯಿತು, ನೆಟ್ಟಗೆ ಕೆಲಸ ಮಾಡಿತು. ಐದು ನಿಮಿಷವೂ ಆಗಿರಲಿಲ್ಲ, ಸಾಹೇಬರ ಫೋನು. "ಜನ ಗದ್ದಲ ಮಾಡಾಕತ್ತಾರ, ಮತ್ತೊಮ್ಮೆ ಹಾಕು." ಭರಮಪ್ಪ ಹಾಕಿದ. ಅದು ಮತ್ತೆ ಬಿಚ್ಚಿಕೊಳ್ಳಲು ಹೋಯಿತು. ಮೊದಲೇ ಕಡಿಮೆಯಿದ್ದ ಎಣ್ಣೆ ಒಮ್ಮೆ ಕುದ್ದು ಇನ್ನೂ ಇಳಿದಿತ್ತು, ಈ ಸಲ ಬೆಂಕಿ ಆರಲಿಲ್ಲ. ತೊಟ್ಟಿ ಸಿಡಿಯಿತು. ಭರಮಪ್ಪನ ಬಲಗೈ, ಕುತ್ತಿಗೆ, ಒಂದು ಕೆನ್ನೆ ಸುಟ್ಟವು. ಅವನನ್ನು ಮಿರಜಿನ ಆಸ್ಪತ್ರೆಗೆ ಒಯ್ದರು. ಊರಿನಲ್ಲಿ ಜನ ಏನೆಂದರು ಗೊತ್ತೇ? ಬಾಯಾರು ಅಂದು ಕುಂಕುಮ ಅಳಿಸಿದ್ದರ ಫಲ ಎಂದರು.

ಸುದ್ದಿ ಕೇಳಿದ ದಿನವೇ ಬಾಯಾರು ರಾಯಬಾಗದಿಂದ ರೈಲು ಹತ್ತಿ ಮಿರಜಿಗೆ ಹೋದರು. ನಾನು ಚಿಕ್ಕೋಡಿಯಿಂದ ಹೋಗುವಷ್ಟರಲ್ಲಿ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು. ಭರಮಪ್ಪ ಅವರನ್ನು ನೋಡಿ ಕಣ್ಣು ಮುಚ್ಚಿಕೊಂಡ.

"ಕಣ್ಣ ತಗಿಯೋ. ಸಹಿ ಯಾಕ ಹಾಕಿದಿ ಅಂತ ನಾ ಕೇಳಾಕ ಬಂದಿಲ್ಲ. ಗಾಜು ಯಾಕ ಒರಸಲಿಲ್ಲ?"

"ಅಂಜಿದೆನ್ರಿ ಬಾಯಾರ."

"ಯಾರಿಗೆ? ದೇವರಿಗೋ, ಸಾಹೇಬಗೋ?"

ಸುಡದಿದ್ದ ಕೆನ್ನೆಯ ಮೇಲೆ ನೀರು ಇಳಿಯಿತು. "ನಿಂಗ ಕಪಾಳಕ್ಕ ಹೊಡೀಬೇಕಂತ ಬಂದಿದ್ದೆ. ಹೊಡ್ಯಾಕ ಜಾಗಾ ಎಲ್ಲಿಟ್ಟಿ?" ಎಂದು ಬೈದು, ಚಮಚೆಯಲ್ಲಿ ನೀರು ಕುಡಿಸಿದರು. ಅಷ್ಟು ಸಿಟ್ಟಿನಲ್ಲಿ ಅಷ್ಟು ನಿಧಾನವಾಗಿ ಯಾರಾದರೂ ನೀರು ಕುಡಿಸಿದ್ದನ್ನು ನಾನು ನೋಡಿಲ್ಲ.

ಭರಮಪ್ಪನನ್ನು ಕೆಲಸದಿಂದ ಅಮಾನತು ಮಾಡಿದರು. ಎಣ್ಣೆಯ ಮಟ್ಟ ನೋಡಿಕೊಳ್ಳುವುದು ಆಪರೇಟರನ ಹೊಣೆ, ಹಾಗಾಗಿ ತಪ್ಪು ಅವನದೇ. ಮದುವೆಗೆ ಬಂದ ಇಬ್ಬರು ಹೆಣ್ಣುಮಕ್ಕಳು, ಮುದುಡಿದ ಬಲಗೈ. ಕೆಲಸ ಹೋದರೆ ಕೂಲಿಗೂ ಯಾರೂ ಕರೆಯುವಂತಿರಲಿಲ್ಲ. ವಿಚಾರಣೆಗೆ ಬೆಳಗಾವಿಯಿಂದ ಒಬ್ಬ ಅಧಿಕಾರಿ ಬಂದರು. ಹೇಳಿಕೆ ಬರೆದುಕೊಳ್ಳಲು ನನ್ನನ್ನು ಕೂರಿಸಿದರು. ಸಾಹೇಬರು ಅಧಿಕಾರಿಯ ಪಕ್ಕದಲ್ಲೇ ಕೂತಿದ್ದರು. ಹಿಂದೆ ಆ ಉಪಕೇಂದ್ರದ ಹೊಣೆಯಿದ್ದವರೆಂದು ಬಾಯಾರನ್ನೂ ಕರೆಸಿದ್ದರು. ಒಳಗೆ ಹೋಗುವ ಮೊದಲೇ ಅವರಿಗೆ ಸಾಹೇಬರ ಕಡೆಯಿಂದ ಸೂಚನೆ ಬಂದಿತ್ತು. ಆಪರೇಟರನ ಅಲಕ್ಷ್ಯ ಎಂದು ಒಂದು ಮಾತು ಹೇಳಿದರೆ ಸಾಕು, ಉಗ್ರಾಣದಿಂದ ಬಿಡುಗಡೆ.

"ನೀವು ಇದ್ದಾಗ ಎಣ್ಣಿ ಮಟ್ಟ ಸರಿ ಇತ್ತೇನ್ರಿ?" ಎಂದು ಅಧಿಕಾರಿ ಕೇಳಿದರು.

"ನಾ ಬಂದಾಗ ಇರಲಿಲ್ಲ. ನಾ ತುಂಬಿಸಿದ ಮ್ಯಾಲ ಇತ್ತು. ನಾ ಹೋದ ಮ್ಯಾಲ ಇಲ್ಲ."

"ಮತ್ತ ಎಣ್ಣಿ ಎಲ್ಲಿ ಹೋಯ್ತು?"

ಬಾಯಾರು ಸಾಹೇಬರ ಕಡೆ ತಿರುಗಿದರು. "ಊರವರ ಮಣಕಾಲಿಗೆ ಹೋಗೇತ್ರಿ. ಸಾಹೇಬರ ತಾಯಿಯವರ ಮಣಕಾಲಿಗೂ ಹೋಗೇತಿ. ಜೀಪ್ ಬರತಿತ್ತಲ್ಲ, ಕೇಳ್ರಿ. ಮತ್ತೊಮ್ಮೆ ಹಾಕಂತ ಫೋನ್ ಮಾಡಿದಾವರು ಯಾರು, ಅದನ್ನೂ ಕೇಳ್ರಿ. ಗಾಜು ಒರಸಿದಾಕೀನ ವರ್ಗಾ ಮಾಡಿದ್ರಿ. ಒರಸದಾವನ್ನ ಈಗ ಕೆಲಸದಿಂದ ತಗೀತೀರಿ. ಅಂದ್ರ ಈ ಭರಮಪ್ಪ ಏನ್ ಮಾಡಿದ್ರ ಉಳೀತಿದ್ದ, ಅದನ್ನಷ್ಟು ಹೇಳ್ರಿ ನಂಗ!"

ಕಡೆಯ ಮಾತಿಗೆ ಮೇಜು ಗುದ್ದಿದ್ದರು. ಚಹದ ಬಟ್ಟಲು ಉರುಳಿತು. ಅಧಿಕಾರಿ ನನಗೆ "ಇದನ್ನ ಬರೀಬ್ಯಾಡ್ರಿ" ಎಂದರು. "ಬರಿ ತಂಗಿ" ಎಂದರು ಬಾಯಾರು. ನಾನು ಬರೆದೆ. ಆ ಹಾಳೆಯನ್ನು ಅಧಿಕಾರಿ ನನ್ನೆದುರಿಗೇ ಹರಿದರು.

ಹರಿದದ್ದೂ ಉಪಯೋಗಕ್ಕೆ ಬಂತು. ಹೆದರಿಕೆ ಹುಟ್ಟಿತ್ತಲ್ಲ. ಭರಮಪ್ಪನ ಮೇಲೆ ತಪ್ಪು ಹೊರಿಸಿದರೆ ಈ ಹೆಂಗಸು ಬಾಯಿ ಬಿಡುತ್ತಾಳೆ, ಊರೆಲ್ಲ ಕೇಳುತ್ತದೆ. ಕೊನೆಗೆ ಯಾರ ತಪ್ಪೂ ಅಲ್ಲ, ಸಿಡಿಲು ಬಡಿದದ್ದು ಎಂದು ವರದಿಯಾಯಿತು. ಅಂದು ಆಕಾಶದಲ್ಲಿ ಅಂಗೈಯಗಲ ಮೋಡವೂ ಇರಲಿಲ್ಲ. ಭರಮಪ್ಪನಿಗೆ ಕೆಲಸ ಉಳಿಯಿತು. ಬಾಯಾರಿಗೆ ಉಗ್ರಾಣ ಉಳಿಯಿತು. ಸಾಹೇಬರಿಗೆ ಮುಂದಿನ ವರ್ಷ ಬಡ್ತಿಯಾಯಿತು.

"ಭರಮಪ್ಪನ ಕೆಲಸ ಉಳೀತಲ್ಲ ಅಕ್ಕ, ಸಮಾಧಾನ ಮಾಡಿಕೊಳ್ಳಿ" ಎಂದೆ ನಾನು, ತಿಳಿಯದೆ.

"ಯಾಕ ಮಾಡ್ಕೊಳ್ಳಲಿ? ಸಿಡಿಲಂತ! ಸಿಡಿಲಂದ ಮ್ಯಾಲ ಗಾಜು ಯಾರು ಒರಸತಾರ?"

ಅವರು ಹೇಳಿದ್ದು ಸರಿ. ಸಿಡಿಲು ಬಡಿಯಿತು ಎಂದ ಮೇಲೆ ಕಲಿಯುವುದೇನೂ ಉಳಿಯಲಿಲ್ಲ. ಹೊಸ ತೊಟ್ಟಿ ಬಂತು, ಅದರ ಗಾಜಿಗೆ ಮೊದಲ ದಿನವೇ ಕುಂಕುಮ ಬಿತ್ತು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಉಗ್ರಾಣಕ್ಕೆ ಹೊಸ ಬಗೆಯ ಬ್ರೇಕರುಗಳು ಬಂದವು. ನಾನು ರಾಯಬಾಗಕ್ಕೆ ಹೋದಾಗ ಒಂದು ಪೆಟ್ಟಿಗೆ ಬಿಚ್ಚಿಸಿ ತೋರಿಸಿದರು. ಬಿಳಿ ಪಿಂಗಾಣಿಯ ಸೀಸೆ, ಒಳಗಿನ ಗಾಳಿಯನ್ನೆಲ್ಲ ತೆಗೆದು ಮುಚ್ಚಿದ್ದು. "ಒಳಗ ಏನೂ ಇಲ್ಲ ತಂಗಿ. ಎಣ್ಣಿ ಇಲ್ಲ, ಗಾಳಿ ಇಲ್ಲ. ಬೆಂಕಿಗೆ ಹಿಡಕೊಳ್ಳಾಕ ಏನೂ ಸಿಗೂದಿಲ್ಲ, ಹುಟ್ಟಿದಲ್ಲೇ ಸಾಯತೈತಿ" ಎಂದು ಅದರ ಮೈ ಸವರಿದರು. ಅವರ ಮುಖದಲ್ಲಿ ಆಸೆ ಕಂಡದ್ದು ಆಗೊಮ್ಮೆಯೇ. ಅವನ್ನು ಉಪಕೇಂದ್ರಗಳಲ್ಲಿ ಕೂರಿಸುವ ಕೆಲಸ ತಮಗೆ ಕೊಡಿ ಎಂದು ಕೇಳಿದ್ದರು. ಕೊಡಲಿಲ್ಲ. ಪೆಟ್ಟಿಗೆಗಳು ಅವರ ಕಣ್ಣೆದುರೇ ಲಾರಿ ಹತ್ತಿ ಹೋದವು. ನಿವೃತ್ತಿಗೆ ಇನ್ನೂ ವರ್ಷಗಳಿರುವಾಗಲೇ, ಉಗ್ರಾಣದ ಕುರ್ಚಿಯಲ್ಲಿ ಕೂತಿದ್ದಂತೆಯೇ, ಎದೆನೋವು ಬಂದು ಹೋಗಿಬಿಟ್ಟರು.

ಸಭೆಯಲ್ಲಿ ಸಾಹೇಬರು ಮಾತು ಮುಗಿಸಿ, ಮೌನಾಚರಣೆಗೆ ಎಲ್ಲರನ್ನೂ ಎಬ್ಬಿಸಿದರು. ತಲೆ ತಗ್ಗಿಸಿ ನಿಂತೆವು. ಆಗ ಹಿಂದಿನ ಸಾಲಿನಿಂದ ಚಪ್ಪಲಿಯ ಸದ್ದು. ಭರಮಪ್ಪ. ಕೆನ್ನೆಯ ಒಂದು ಬದಿ ಎಳೆದು ಹೊಲಿದಂತೆ, ಬಲಗೈ ಬೆರಳುಗಳು ಒಂದಕ್ಕೊಂದು ಅಂಟಿ ಮುದುಡಿವೆ. ನೇರ ಮೇಜಿನ ಹತ್ತಿರ ಬಂದ. ಮುದುಡಿದ ಕೈಯಿಂದ ಹಾರವನ್ನು ಎತ್ತಿ ಹಿಂದಕ್ಕೆ ಸರಿಸಿದ. ಹೆಗಲ ಮೇಲಿನ ಟವೆಲು ತೆಗೆದು, ಎಡಗೈಯಿಂದ ಫೋಟೋದ ಗಾಜಿನ ಮೇಲಿನ ಗಂಧ, ವಿಭೂತಿಯನ್ನೆಲ್ಲ ಒರೆಸತೊಡಗಿದ.

"ಏ ಭರಮಪ್ಪ, ಏನ್ ಮಾಡಾಕತ್ತಿ? ಅಳಸಬ್ಯಾಡೋ!" ಎಂದರು ಸಾಹೇಬರು.

"ಕಾಣಸ್ಬೇಕ್ರಿ ಸಾಹೇಬ್ರ" ಎಂದ ಭರಮಪ್ಪ, ಒರೆಸುವುದನ್ನು ನಿಲ್ಲಿಸದೆ.

ಮೂಲೆಮೂಲೆಯನ್ನೂ ಒರೆಸಿ ಅವನು ಪಕ್ಕಕ್ಕೆ ಸರಿದ. ಗಾಜಿನ ಹಿಂದೆ ಬಾಯಾರು ಹುಬ್ಬು ಗಂಟಿಕ್ಕಿಕೊಂಡು ಸಾಹೇಬರನ್ನೇ ನೋಡುತ್ತಿದ್ದರು.